ಚುಂಚನಕಟ್ಟೆ, ಎಂಟು ಪಟ್ಟು ನಿಧಾನ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ್ದ ಕಾಳು, ಎರಡು ಸೇರಿನಷ್ಟಿತ್ತು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬೋಗುಣಿಯಲ್ಲಿ. ಪಕ್ಕದಲ್ಲಿ ರೇಡಿಯೋ ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು. ನನ್ನ ತಮ್ಮ ಸಿದ್ದರಾಜು ಗೋಡೆಗೊರಗಿ ಅಕ್ಕಿರೊಟ್ಟಿ ತಿನ್ನುತ್ತಿದ್ದ. ಆ ಬೆಳಿಗ್ಗೆ ರೇಡಿಯೋದಲ್ಲಿ ಬಂದ ಸುದ್ದಿಯಿಂದಲೇ ಇದೆಲ್ಲ ಶುರುವಾದದ್ದು.

ಅದನ್ನು ಹೇಳೋದಕ್ಕೆ ಮೊದಲು ಒಂದು ಮಾತು. ನಾನು ದೇವರನ್ನು ನಂಬಿದವಳು. ಮಂಗಳವಾರ ಮಾರಮ್ಮನಿಗೆ ದೀಪ ಹಚ್ಚದೆ ಬಾಯಿಗೆ ನೀರು ಹಾಕಿದವಳಲ್ಲ. ಆದರೆ ಗಾಳಿ ಮೆಟ್ಟಿತು, ಇಲ್ಲದವರ ದನಿ ಕೇಳಿಸಿತು ಅನ್ನೋ ಕಥೆಗಳನ್ನು ಒಂದು ದಿನವೂ ನಂಬಿರಲಿಲ್ಲ. ಹಾಗೆ ಹೇಳಿಕೊಂಡು ಬಂದ ಹೆಂಗಸರಿಗೆ ‘ಹೊಟ್ಟೆಗೆ ಸರಿಯಾಗಿ ತಿನ್ನಿ, ಹೊತ್ತಿಗೆ ಸರಿಯಾಗಿ ಮಲಗಿ’ ಅಂತ ಹೇಳಿ ಕಳಿಸುತ್ತಿದ್ದೆ. ಇದನ್ನು ಓದಿದ ಮೇಲೆ ನೀವು ನನಗೂ ಅದನ್ನೇ ಹೇಳಬಹುದು. ಬೇಜಾರಿಲ್ಲ. ಕಿವಿಯಾರೆ ಕೇಳಿದ್ದನ್ನು ಬರೆಯುತ್ತಿದ್ದೇನೆ, ಅಷ್ಟೇ.

ನಮ್ಮದು ಹುಣಸೂರು. ಇಪ್ಪತ್ತೈದು ವರ್ಷದ ಹಿಂದಿನ ಮಾತಿದು, ಮನೆಮನೆಯಲ್ಲೂ ಕ್ಯಾಸೆಟ್ಟಿದ್ದ ಕಾಲ. ನಮ್ಮ ಯಜಮಾನರು ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸಿದ್ದರಾಜುವಿಗೆ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡೋ ಒಂದು ಗೂಡಂಗಡಿ. ನಮ್ಮವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ನಾನು ಮದುವೆಯಾಗಿ ಬರುವಾಗ ಸೀರೆಯ ಗಂಟಿನ ಜೊತೆ ಅವನನ್ನೂ ಕರೆದುಕೊಂಡು ಬಂದೆ. ಯಜಮಾನರು ಒಂದು ಮಾತು ಎತ್ತಲಿಲ್ಲ. ಆ ಪುಣ್ಯವನ್ನು ನಾನು ಮರೆಯುವವಳಲ್ಲ.

ಸಿದ್ದರಾಜುವಿಗೆ ಒಂದು ಹುಚ್ಚಿತ್ತು. ಬ್ಯಾಟರಿ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಸದ್ದು ಹಿಡಿಯೋದು. ಹಾಡಲ್ಲ, ಮಾತಲ್ಲ, ಬರೀ ಸದ್ದು. ವೀರನಹೊಸಹಳ್ಳಿಯಲ್ಲಿ ಆನೆ ಓಡಿಸೋಕೆ ಅಟ್ಟಣೆ ಮೇಲೆ ಕೂತು ಡಬ್ಬ ಬಡಿಯೋದು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸೋ ಬ್ಯಾರನ್ನಿನೊಳಗೆ ಕಾದ ಕೊಳವೆಗಳು ಟಿಕ್ ಟಿಕ್ ಅನ್ನೋದು, ಸಾಲಿಗ್ರಾಮದಲ್ಲಿ ಹೊಳೆಯ ಮೆಟ್ಟಿಲಿಗೆ ಬಟ್ಟೆ ಒಗೆಯೋದು. ತಂದ ಸದ್ದನ್ನು ಅಂಗಡಿಯಲ್ಲಿದ್ದ ಹಳೇ ಸ್ಪೂಲಿನ ಯಂತ್ರಕ್ಕೆ ಹಾಕಿ ಎಳೆಯುತ್ತಿದ್ದ. ಒಂದು ಸಲ ಎಳೆದರೆ ಎರಡು ಪಟ್ಟು ನಿಧಾನ, ಎಳೆದದ್ದನ್ನೇ ಮತ್ತೆ ಎಳೆದರೆ ನಾಲ್ಕು ಪಟ್ಟು, ಇನ್ನೊಂದು ಸಲಕ್ಕೆ ಎಂಟು. ಕೆಲವನ್ನು ಹಿಂದುಮುಂದು ಮಾಡುತ್ತಿದ್ದ. ಸಂತೆಯ ಒಂದಿಡೀ ದಿನವನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿ ಮೂರು ನಿಮಿಷಕ್ಕೆ ಇಳಿಸಿದ್ದ.

ಒಂದು ದಿನ ನನ್ನ ಒಲೆಯ ಮುಂದೆ ಮೈಕು ಹಿಡಿದು ಕೂತ. ಸಾರಿನ ಒಗ್ಗರಣೆ. ಸಾಸಿವೆ ಸಿಡಿಯೋದು ಎಷ್ಟು ಹೊತ್ತು ಹೇಳಿ? ಅದನ್ನು ಎಳೆದು ಎಳೆದು ಹನ್ನೆರಡು ನಿಮಿಷ ಮಾಡಿಕೊಂಡು ಬಂದ. ಕೇಳಿದರೆ ಕಾಡಾನೆ ಹಿಂಡು ಬಿದಿರ ಮೆಳೆಗೆ ನುಗ್ಗಿದ ಹಾಗಿತ್ತು. ನಡುವೆ ಗುಡಿಯ ಗಂಟೆಯ ಹಾಗೆ ಒಂದು ದೊಡ್ಡ ನಾದ, ಅದು ನಿಲ್ಲೋದೇ ಇಲ್ಲ.

“ಅದು ನಿನ್ನ ಬಳೆ ಕಣಕ್ಕ. ಬಾಣಲೆಗೆ ತಗುಲ್ತಲ್ಲ, ಅದು,” ಅಂದ. “ಸದ್ದು ಓಡೋಯ್ತದೆ. ಕೈ ಹಿಡಿದು ನಿಲ್ಲಿಸಿದ್ರೆ ಅದರ ಮುಖ ಕಾಣ್ತದೆ.”

“ಸದ್ದಿನ ಮುಖ ನೋಡ್ತಾ ಕೂತ್ರೆ ಹೆಣ್ಣಿನ ಮುಖ ಯಾವಾಗ ನೋಡ್ತೀಯೋ?” ಅಂದೆ. ಅವನಿಗೆ ಆಗಲೇ ಇಪ್ಪತ್ತೊಂಬತ್ತು. ನೋಡಿದ ಮೂರು ಕಡೆಯೂ ‘ಹುಡುಗ ಒಂಥರಾ ಅಂತೆ’ ಅನ್ನೋ ಮಾತು ನಮಗಿಂತ ಮುಂಚೆ ಹೋಗಿ ಕೂತಿತ್ತು.

ಅಂಗಡಿಯ ಸೂರು ಸೋರುತ್ತಿದ್ದದ್ದರಿಂದ ಕ್ಯಾಸೆಟ್ಟುಗಳನ್ನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ತುಂಬಿ ನಮ್ಮನೆ ಅಟ್ಟದಲ್ಲಿ ಇಟ್ಟಿದ್ದ. ಒಂದೊಂದಕ್ಕೂ ಚೀಟಿ ಅಂಟಿಸಿ ಊರು, ಎಷ್ಟು ಪಟ್ಟು ಅಂತ ಬರೆಯುತ್ತಿದ್ದ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲಿರುತ್ತವಲ್ಲ, ಅವನ್ನು ಮುರಿದುಬಿಡುತ್ತಿದ್ದ. ಮುರಿದ ಮೇಲೆ ಅದರ ಮೇಲೆ ಬೇರೆ ಏನನ್ನೂ ತುಂಬುವ ಹಾಗಿಲ್ಲ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ಕ್ಯಾಸೆಟ್ಟುಗಳನ್ನು ಪರರ ಕೈಗೆ ಕೊಟ್ಟವಳು ನಾನೇ.

ಮೈಸೂರಿನಿಂದ ಒಬ್ಬರು ಸಿದ್ದರಾಜುವಿನ ಅಂಗಡಿಗೆ ಬಂದು ಹೋಗುತ್ತಿದ್ದರು. ಓದಿದವರು, ಮೇಷ್ಟ್ರು, ಜನಪದ ಹಾಡಿನ ಬಗ್ಗೆ ಪತ್ರಿಕೆಗೆ ಬರೆಯುವವರು. ಹೆಗಲಿಗೆ ಸದಾ ಖಾದಿ ಜೋಳಿಗೆ. ಹೆಸರು ಬೇಡ, ಮನೆಯಲ್ಲಿ ನಾವು ಜೋಳಿಗೆಯವರು ಅಂತಲೇ ಅನ್ನುತ್ತಿದ್ದೆವು. ಯುಗಾದಿಯ ಹಿಂದಿನ ವಾರ, ಸಿದ್ದರಾಜು ಟೇಪ್ ರೆಕಾರ್ಡರ್ ಹೊತ್ತುಕೊಂಡು ಮೂರು ದಿನಕ್ಕೆ ಸರಗೂರಿನ ಕಡೆ ಹೋಗಿದ್ದ. ನಾನು ಸುಣ್ಣ ಹೊಡೆಸೋಕೆ ಅಟ್ಟ ಖಾಲಿ ಮಾಡುತ್ತಿದ್ದೆ. ಪೆಟ್ಟಿಗೆಯನ್ನು ದರದರ ಎಳೆದು ನಡುಮನೆಗೆ ತಂದು ಮುಚ್ಚಳ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಜೋಳಿಗೆಯವರು ಬಂದರು.

“ಇವೆಲ್ಲಾ ನಿಮ್ಮ ತಮ್ಮನೇ ಮಾಡಿದ್ದಾ ಅಮ್ಮಾ?” ಅಂತ ಕೇಳಿದರು.

“ಅವನ ಹುಚ್ಚು ಸಾರ್.”

“ಒಂದೆರಡು ತಗೊಂಡು ಹೋಗಿ ಕೇಳಿ ವಾಪಸ್ ಕೊಡ್ಲಾ?”

“ವಾಪಸ್ ತರಬ್ಯಾಡಿ ಸಾರ್, ಅಷ್ಟೂ ತಕ್ಕೊಂಡೋಗಿ. ಇಲಿ ತಿಂದಾಕ್ತು ಅಂತ ಅವನಿಗೆ ಹೇಳ್ತೀನಿ. ಆಗಲಾದ್ರೂ ತಲೆಯಿಂದ ಇಳೀಲಿ, ಮದುವೆ ಗಿದುವೆ ಆಗ್ಲಿ.”

ಅವರು ಜೋರಾಗಿ ನಕ್ಕರು. “ಹಾಗಾದ್ರೆ ನಾನೇ ಇಲಿ ಅನ್ನಿ!”

ನಾನೂ ನಕ್ಕೆ. ಕಾಫಿ ಮಾಡಿಕೊಟ್ಟೆ. ಪೆಟ್ಟಿಗೆ ಸಮೇತ ಜಟಕಾ ಹತ್ತಿಸಿ ಕಳಿಸಿದೆ.

ಸಿದ್ದರಾಜು ಬಂದ. ಇಲಿ ಕಡಿದು, ಮೇಲೆ ಗಲೀಜು ಮಾಡಿ ನಾರುತ್ತಿತ್ತು, ಪೆಟ್ಟಿಗೆ ಸಮೇತ ಹಂಡೆ ಒಲೆಗೆ ಹಾಕಿದೆ, ದೇವರಾಣೆ ಅಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಡ್ಡಿಯಿಂದ ಬೂದಿ ಕೆದಕಿದ. ಒಂದಾದರೂ ಸುಡದೆ ಉಳಿದಿದೆಯೇನೋ ಅಂತ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆಮೇಲೆ ಅವನು ಸದ್ದು ಹಿಡಿಯೋಕೆ ಹೋಗಲಿಲ್ಲ. ಮದುವೆಗೂ ಒಪ್ಪಲಿಲ್ಲ. ಊಟ ಅರ್ಧ ಆಯಿತು, ಮಾತು ಅದಕ್ಕಿಂತ ಕಮ್ಮಿ ಆಯಿತು. ಹೀಗೇ ಎರಡು ವರ್ಷಕ್ಕೆ ಹತ್ತಿರ ಕಳೆಯಿತು.

ಅವರೆಕಾಳಿನ ಆ ಬೆಳಿಗ್ಗೆಗೆ ಬರುತ್ತೇನೆ. ರೇಡಿಯೋದವರು ಯಾವುದೋ ಹೊಸ ಬಗೆಯ ಶಬ್ದ ಕಲೆ ಅಂದರು, ಜೋಳಿಗೆಯವರ ಹೆಸರು ಹೇಳಿ, ಅವರೇ ರಚಿಸಿದ ಕೃತಿ ಅಂದರು. ಮರುಗಳಿಗೆ ನಮ್ಮ ಅಡುಗೆಮನೆಯಲ್ಲಿ ಆನೆಗಳು ಬಿದಿರು ಮುರಿಯತೊಡಗಿದವು. ಆಮೇಲೆ ಆ ಗಂಟೆಯ ನಾದ. ನನ್ನ ಬೆರಳ ನಡುವಿನ ಕಾಳು ಹಾಗೇ ಉಳಿಯಿತು.

ಸಿದ್ದರಾಜು ರೊಟ್ಟಿ ಕೆಳಗಿಟ್ಟ. “ಅಕ್ಕ, ನಿನ್ನ ಬಳೆ,” ಅಂದ. ರೇಡಿಯೋ ಕಡೆ ತಿರುಗಿ, “ಒಲೆಗೆ ಹಾಕಿದ ಕ್ಯಾಸೆಟ್ಟು ರೇಡಿಯೋಗೆ ಹೆಂಗಕ್ಕ ಹೋಯ್ತು?” ಅಂದ.

ಆ ಗಳಿಗೆಯಲ್ಲಿ ನನ್ನ ಬಾಯಿಂದ ಎರಡನೇ ಸುಳ್ಳು ಬಂತು. “ನೀನು ಸರಗೂರಿಗೆ ಹೋದಾಗ ಆ ಯಪ್ಪ ಬಂದಿದ್ದ ಕಣೋ. ನಾನು ನೀರು ಸೇದೋಕೆ ಹಿತ್ತಲಿಗೆ ಹೋಗಿದ್ದೆ. ಆಗಲೇ ಕದ್ದಿರಬೇಕು. ಉಳಿದಿದ್ದನ್ನ ಇಲಿ ತಿಂದಿರೋದು.” ತಮ್ಮ ನಂಬಿದ. ನಾನು ಹೇಳಿದ್ದನ್ನು ಅವನು ನಂಬದೆ ಇದ್ದದ್ದೇ ಇಲ್ಲ.

ಮಾರನೇ ದಿನ ಮೈಸೂರಿಗೆ ಹೋದ. ಜೋಳಿಗೆಯವರ ಮನೆಯಲ್ಲಿ ನಾಲ್ಕು ಜನ ಕೂತಿದ್ದರಂತೆ. “ಯಾರಪ್ಪ ನೀನು? ಓ, ರೇಡಿಯೋ ರಿಪೇರಿಯವನಲ್ವಾ? ಒಳ್ಳೇ ಹೊತ್ತಿಗೆ ಬಂದೆ. ನಮ್ಮ ಟೇಪ್ ರೆಕಾರ್ಡರ್ ಯಾಕೋ ಎಳೀತಿದೆ, ಸ್ವಲ್ಪ ನೋಡು,” ಅಂದರಂತೆ. ಕೂತವರೆಲ್ಲ ನಕ್ಕರಂತೆ. ನನ್ನ ತಮ್ಮ, ಆ ಪೆದ್ದ, ನೆಲದ ಮೇಲೆ ಕೂತು ಬೆಲ್ಟು ಬದಲಾಯಿಸಿ ಸರಿ ಮಾಡಿಕೊಟ್ಟು ಬಂದ.

“ಯಾಕ್ಲಾ ಮಾಡಿಕೊಟ್ಟೆ?” ಅಂತ ಕಿರುಚಿದೆ.

“ಕೆಟ್ಟೋಗಿತ್ತಲ್ಲಕ್ಕ,” ಅಂದ.

ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಕೆಂಡ. ತಪ್ಪು ನನ್ನದೂ ಹೌದು ಅನ್ನೋದು ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಮಾರಮ್ಮನ ಮುಂದೆ ನಿಂತು ಬೇಡಿಕೊಂಡೆ. ಇಲ್ಲಿಂದ ಮುಂದೆ ಅವರು ಇವರು ಅನ್ನೋದು ನನ್ನ ಕೈಲಾಗದು. ಆ ಜೋಳಿಗೆಯವನು ಸಾಯಲಿ ಅಂತ ಕೇಳಲಿಲ್ಲ, ಅಷ್ಟು ಪಾಪ ಕಟ್ಟಿಕೊಳ್ಳೋಳಲ್ಲ. ನಾಲ್ಕು ಜನ ನೋಡಿ ನಗುವ ಹಾಗೆ ಅವನ ತಲೆ ತಗ್ಗಲಿ, ನಾನು ಹತ್ತಿರದಲ್ಲೇ ಕೂತು ಅದನ್ನು ನೋಡಬೇಕು ಅಂತ ಕೇಳಿದೆ. ಒಂಬತ್ತು ಮಂಗಳವಾರ ಇದನ್ನೇ ಕೇಳಿದೆ. ಹಾಲು ಕಾಯಿಸುವಾಗ, ಮುದ್ದೆ ತಿರುವುವಾಗ, ಬಟ್ಟೆ ಹಿಂಡುವಾಗ ನನ್ನ ಕೈಗೆ ಸಿಕ್ಕಿದ್ದೆಲ್ಲ ಅವನ ಕತ್ತೇ ಆಗಿತ್ತು.

ಒಂಬತ್ತನೇ ಮಂಗಳವಾರ ಕಳೆದು ಎರಡು ದಿನಕ್ಕೆ ಅವನೇ ನಮ್ಮ ಬಾಗಿಲಿಗೆ ಬಂದ. ಇಲ್ಲಿಂದ ಮುಂದೆ ಅವರು ಇವರು ಅನ್ನೋದು ನನ್ನ ಕೈಲಾಗದು. ಸಿದ್ದರಾಜು ಅಂಗಡಿಯಲ್ಲಿದ್ದ. ಶಿವರಾತ್ರಿ ಕಳೆದ ಮೇಲೆ ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಅವನ ಕಾರ್ಯಕ್ರಮವಂತೆ, ಹೊಸದೇನಾದರೂ ಬೇಕಂತೆ. ಸದ್ದು ಎಳೆಯೋದನ್ನು ಅವನು ಕಲಿತಿದ್ದ. ಎಲ್ಲಿ ಹೋಗಿ ಕಿವಿ ಕೊಡಬೇಕು ಅನ್ನೋದು ಅವನಿಗೆ ಬರುತ್ತಿರಲಿಲ್ಲ.

“ಇನ್ನೇನಾದ್ರೂ ಉಳಿದಿದೆಯಾ ಅಮ್ಮಾ?” ಅಂದ. ಆಮೇಲೆ ಮೆಲ್ಲಗೆ, “ಇಲಿ ಕಥೆ ನಿಮ್ಮ ತಮ್ಮನಿಗೆ ಇನ್ನೂ ಗೊತ್ತಿಲ್ಲ ಅಲ್ವಾ?” ಅಂದ.

ಮೈ ಉರಿದುಹೋಯಿತು. ಆದರೆ ಮುಖದಲ್ಲಿ ನಗು ತಂದುಕೊಂಡೆ. “ಒಂದಿದೆ ಸಾರ್. ಚುಂಚನಕಟ್ಟೆ ನೀರು ಬೀಳೋದನ್ನ ಎಂಟು ಪಟ್ಟು ಎಳೆದಿದ್ದಾನೆ. ಎಲ್ಲಕ್ಕಿಂತ ಚೆನ್ನಾಗಿರೋದು ಅದೇ ಅಂತ ಅಂಗಡಿಯಲ್ಲೇ ಬಚ್ಚಿಟ್ಟವನೆ. ಕಾರ್ಯಕ್ರಮದ ದಿನ ಹೋಗ್ತಾ ಈ ಕಡೆ ಬನ್ನಿ, ತಂದಿಟ್ಟಿರ್ತೀನಿ. ಮುಂಚೆ ಕೊಟ್ರೆ ಹುಡುಕ್ತಾನೆ,” ಅಂದೆ. ಇನ್ನೊಂದು ಮಾತನ್ನೂ ಸೇರಿಸಿದೆ: “ಮೊದಲ ಹತ್ತು ನಿಮಿಷ ಏನೂ ಕೇಳಲ್ವಂತೆ ಸಾರ್. ಅಷ್ಟು ನಿಧಾನವಂತೆ. ಅದೇ ಅದರ ಸೊಗಸಂತೆ.”

ಅವನ ಕಣ್ಣು ಹೊಳೆಯಿತು. ಅಂಥವರಿಗೆ ಇಂಥ ಮಾತು ಬೆಲ್ಲ.

ಪೇಟೆಯಲ್ಲಿ ಬೇರೆ ಅಂಗಡಿಯಿಂದ ಒಂದು ಖಾಲಿ ಕ್ಯಾಸೆಟ್ಟು ತಂದೆ. ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿದ್ದು ನನ್ನ ಕೈ. ನಮ್ಮನೆಯದು ಬರೀ ಹಾಡೋ ಟೇಪು, ತುಂಬೋ ಗುಂಡಿಯೇ ಇಲ್ಲ. ಅದಕ್ಕೆ ಹಾಕಿ ಎರಡೂ ಬದಿ ಕೂತು ಕೇಳಿದೆ. ಸುಯ್ಯ್ ಅನ್ನೋದು ಬಿಟ್ಟರೆ ಏನಿಲ್ಲ. ಆಮೇಲೆ ತಮ್ಮ ಮಾಡುವ ಹಾಗೇ ಈಳಿಗೆಯ ತುದಿಯಿಂದ ಹಲ್ಲು ಮುರಿದೆ. ಚೀಟಿ ಅಂಟಿಸಿ ‘ಚುಂಚನಕಟ್ಟೆ, ಎಂಟು ಪಟ್ಟು ನಿಧಾನ’ ಅಂತ ಬರೆದೆ. ಹಳೆಯದು ಕಾಣಲಿ ಅಂತ ಒಲೆಯ ಬೂದಿ ಸವರಿದೆ. ಮೂರು ದಿನ ಅದು ದೇವರ ಗೂಡಿನಲ್ಲಿ, ಮಾರಮ್ಮನ ಪಟದ ಹಿಂದೆ ಇತ್ತು. ಬೇರೆ ಯಾರೂ ಮುಟ್ಟಲಿಲ್ಲ. ಮುಟ್ಟಿದ್ದರೂ ಹಲ್ಲು ಮುರಿದದ್ದಕ್ಕೆ ಏನೂ ತುಂಬೋಕಾಗುತ್ತಿರಲಿಲ್ಲ. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರೋದು ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಆ ದಿನ ಮಧ್ಯಾಹ್ನ ಅವನು ಕಾರು ನಿಲ್ಲಿಸಿ ಕ್ಯಾಸೆಟ್ಟು ತೆಗೆದುಕೊಂಡು ಹೋದ. ನಾನು ಸೀರೆ ಬದಲಾಯಿಸಿ ಅಂಗಡಿಗೆ ಹೋಗಿ ಸಿದ್ದರಾಜುವನ್ನು ಎಬ್ಬಿಸಿದೆ. “ನಡಿ, ಕೆ.ಆರ್. ನಗರಕ್ಕೆ ಹೋಗಿಬರಾಣ. ನಿನ್ನ ಕೆಲಸ ಅವನ ಹೆಸರಲ್ಲಿ ಹೆಂಗೆ ನಡೀತದೆ ನೋಡಾಣ,” ಅಂದೆ.

“ನನಗೆ ನೋಡೋದು ಬ್ಯಾಡ ಬುಡಕ್ಕ.”

“ನನಗೆ ಬೇಕು.”

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ದೇವರು ನನ್ನ ಕಡೆಗಿದ್ದಾನೆ ಅಂದುಕೊಂಡೆ.

ಮಂಟಪದಲ್ಲಿ ಅರವತ್ತು ಎಪ್ಪತ್ತು ಜನ ಇದ್ದರು. ಹೊರಗೆ ಇನ್ನೂ ಬಿಸಿಲಿತ್ತು. ನಾವು ನಾಲ್ಕನೇ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಮೇಜು, ಟೇಪು, ಎರಡು ಕಡೆ ಆಳೆತ್ತರದ ಸ್ಪೀಕರು. ಮೊದಲು ಡಬ್ಬದ ಸದ್ದು, ಆಮೇಲೆ ಬ್ಯಾರನ್ನು, ಆಮೇಲೆ ನನ್ನ ಒಗ್ಗರಣೆ. ಜನ ಚಪ್ಪಾಳೆ ಹೊಡೆದರು. ಒಂದೊಂದು ಚಪ್ಪಾಳೆಗೂ ಸಿದ್ದರಾಜು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಕೊನೆಗೆ ಜೋಳಿಗೆಯವನು ಎದ್ದು, “ಇದು ನನ್ನ ಅತ್ಯಂತ ಹೊಸ ಕೃತಿ. ತಿಂಗಳುಗಟ್ಟಲೆ ಹೊಳೆ ದಡದಲ್ಲಿ ಕೂತು ಮಾಡಿದ್ದು. ಮೊದಲ ಹತ್ತು ನಿಮಿಷದ ಮೌನವನ್ನು ದಯವಿಟ್ಟು ಅನುಭವಿಸಿ,” ಅಂದ.

ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಸುಯ್ಯ್. ಎರಡು ನಿಮಿಷ ಜನ ಕಣ್ಣು ಮುಚ್ಚಿ ಕೂತರು. ಐದಾಗುವ ಹೊತ್ತಿಗೆ ಕುರ್ಚಿ ಕಿರುಗುಟ್ಟಿದವು. ಹಿಂದಿನಿಂದ ಯಾರೋ “ಕರೆಂಟು ಹೋಯ್ತೇನ್ಲಾ?” ಅಂದರು. ಇನ್ನೊಬ್ಬ “ಲೇ, ಮೇಷ್ಟ್ರು ಪ್ಲಗ್ ಹಾಕಿದ್ದಾರಾ ಕೇಳ್ಲಾ,” ಅಂದ. ಕಿಸಕ್ಕನೆ ನಗು. ಅವನ ಮುಖದಲ್ಲಿ ಬೆವರು. ಗಡಿಯಾರ ನೋಡಿದ, ಟೇಪು ನೋಡಿದ. ಅಯ್ಯೋ, ನನಗಾದ ಸಂತೋಷವನ್ನು ಹೇಗೆ ಬರೆಯಲಿ? ಎರಡು ತಿಂಗಳ ಕೆಂಡದ ಮೇಲೆ ಯಾರೋ ಕೊಡಗಟ್ಟಲೆ ನೀರು ಹೊಯ್ದ ಹಾಗೆ.

ಆಗ ಸ್ಪೀಕರಿನಿಂದ ಸದ್ದು ಬಂತು.

ಬಂಡೆಯೊಂದನ್ನು ನೆಲದ ಮೇಲೆ ಎಳೆದ ಹಾಗೆ, ಆಳದಿಂದ, ನಿಧಾನವಾಗಿ. ಕಾಲ ಕೆಳಗಿನ ನೆಲ ಅದುರಿತು. ಜನ ಸುಮ್ಮನಾದರು. ಖಾಲಿ ಕ್ಯಾಸೆಟ್ಟು ಅದು. ನನ್ನ ಕೈಯಾರೆ ಬಿಚ್ಚಿದ್ದು. ಸಿದ್ದರಾಜು ಮುಂದಕ್ಕೆ ಬಾಗಿದ. “ಪೆಟ್ಟಿಗೆ,” ಅಂದ. “ಅಕ್ಕ, ಯಾರೋ ಪೆಟ್ಟಿಗೆ ಎಳೀತಾವ್ರೆ.” ನಿಧಾನವಾದ ಸದ್ದಿನೊಳಗಿನ ಅಸಲು ಸದ್ದು ಅವನಿಗೆ ಕಾಣುತ್ತಿತ್ತು. ಮಿಕ್ಕವರಿಗೆ ಅದು ಬರೀ ಗುಡುಗು.

ಆಮೇಲೆ ಕೋಣ ನರಳಿದ ಹಾಗೆ ಎರಡು ದನಿ. ದನಿಗಳು ಮೆಲ್ಲಮೆಲ್ಲನೆ ಮೇಲಕ್ಕೇರಿದವು. ಟೇಪು ತನ್ನಷ್ಟಕ್ಕೆ ತಾನೇ ಓಟ ಕೂಡಿಸಿಕೊಳ್ಳುತ್ತಿರುವ ಹಾಗೆ. ನರಳಾಟ ಮಾತಾಯಿತು. ಇಡೀ ಮಂಟಪಕ್ಕೆ ಕೇಳುವ ಹಾಗೆ ಅವನದೇ ದನಿ ಬಂತು: “ಇವೆಲ್ಲಾ ನಿಮ್ಮ ತಮ್ಮನೇ ಮಾಡಿದ್ದಾ ಅಮ್ಮಾ?”

ಮುಂದಿನ ಸಾಲಿನ ದೊಡ್ಡ ಮನುಷ್ಯರೊಬ್ಬರು ಅವನ ಕಡೆ ತಿರುಗಿ ನೋಡಿದರು. ಅವನ ತಲೆ ಕೆಳಗಾಯಿತು. ನಾನು ಬೇಡಿಕೊಂಡದ್ದು ಒಂದು ಅಕ್ಷರ ತಪ್ಪದೆ ಆಗುತ್ತಿತ್ತು, ನಾಲ್ಕನೇ ಸಾಲಿನಿಂದ ಕಾಣುವ ಹಾಗೆ. ಮರುಗಳಿಗೆ ನನಗೆ ಹೊಳೆಯಿತು, ಮುಂದಿನ ಮಾತು ಯಾರದು ಅಂತ.

ಅವನು ಓಡಿಹೋಗಿ ಟೇಪಿನ ಗುಂಡಿಯ ಮೇಲೆ ಬೆರಳಿಟ್ಟ. ಒತ್ತು, ಒತ್ತಪ್ಪ ಅಂತ ಮನಸ್ಸಿನಲ್ಲೇ ಕೂಗಿದೆ. ಒಂಬತ್ತು ಮಂಗಳವಾರ ಶಪಿಸಿದವನನ್ನು ಆ ಗಳಿಗೆಯಲ್ಲಿ ಬೇಡಿಕೊಂಡೆ. ಅವನು ಕತ್ತೆತ್ತಿ ಜನರೊಳಗೆ ಹುಡುಕಿದ. ಅವನಿಗೆ ನಾನು ಕಂಡೆ. ಪಕ್ಕದಲ್ಲಿ ಸಿದ್ದರಾಜುವೂ ಕಂಡ. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತ.

“ವಾಪಸ್ ತರಬ್ಯಾಡಿ ಸಾರ್, ಅಷ್ಟೂ ತಕ್ಕೊಂಡೋಗಿ. ಇಲಿ ತಿಂದಾಕ್ತು ಅಂತ ಅವನಿಗೆ ಹೇಳ್ತೀನಿ...”

ನನ್ನ ದನಿ. ಆಳೆತ್ತರದ ಎರಡು ಸ್ಪೀಕರಿನಲ್ಲಿ. ಕೊನೆಗೆ “ಹಾಗಾದ್ರೆ ನಾನೇ ಇಲಿ ಅನ್ನಿ” ಅನ್ನೋದು, ಇಬ್ಬರ ನಗು. ನಾನು ಅಷ್ಟು ಜೋರಾಗಿ ನಕ್ಕಿದ್ದೆ ಅನ್ನೋದು ನನಗೇ ಗೊತ್ತಿರಲಿಲ್ಲ. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದು, ಮತ್ತೆ ಸುಯ್ಯ್.

ಮಂಟಪದಲ್ಲಿ ಗದ್ದಲವೆದ್ದಿತು. ಹಿಂದಿನವನೊಬ್ಬ “ಇಲಿ ಮೇಷ್ಟ್ರೇ!” ಅಂತ ಕೂಗಿದ. ಜೋಳಿಗೆಯವನು ಪಕ್ಕದ ಬಾಗಿಲಿಂದ ಹೊರಟುಹೋದ. ಜೋಳಿಗೆ ಕುರ್ಚಿಯ ಮೇಲೇ ಉಳಿಯಿತು. ಸಿದ್ದರಾಜು ಎದ್ದು ವೇದಿಕೆ ಹತ್ತಿ ಟೇಪಿನಿಂದ ಕ್ಯಾಸೆಟ್ಟು ತೆಗೆದ. ಮುರಿದ ಹಲ್ಲನ್ನು ಬೆರಳಿಂದ ಸವರಿದ. ಚೀಟಿ ಓದಿದ. ನನ್ನ ಬರವಣಿಗೆ ಅವನಿಗೆ ಗೊತ್ತಿಲ್ಲದ್ದೇ? ಅವನಿಗೆ ಅಕ್ಷರ ತಿದ್ದಿಸಿದವಳು ನಾನು.

ವಾಪಸ್ ಬಸ್ಸಿನಲ್ಲಿ ಹುಣಸೂರು ಹತ್ತಿರ ಬರುವವರೆಗೂ ಅವನು ಆ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಮೇಲೆ, “ಇದನ್ನ ಯಾರ ಕೈಲಿ ಮಾಡಿಸ್ದೆ ಅಕ್ಕ?” ಅಂದ. “ಎಂಟು ಪಟ್ಟಿಂದ ಮಾಮೂಲಿಗೆ ಅಷ್ಟು ನಯವಾಗಿ ತರೋಕೆ ನನಗೂ ಬರಲ್ಲ.”

“ಖಾಲಿ ಕ್ಯಾಸೆಟ್ಟು ಕಣೋ ಅದು. ಅವನಿಗೆ ಅವಮಾನ ಆಗ್ಲಿ ಅಂತ ಖಾಲಿದು ಕೊಟ್ಟೆ. ದೇವರಾಣೆ.”

“ಇಲಿ ತಿಂತು ಅಂದಾಗ್ಲೂ ಆಣೆ ಇಟ್ಟಿದ್ದೆ,” ಅಂದ. ಸಿಟ್ಟಿನಿಂದಲ್ಲ. ಲೆಕ್ಕ ಸರಿ ಹೇಳುವವನ ಹಾಗೆ. ಬಸ್ಸಿಳಿದು ಊಟಕ್ಕೆ ಬಾ ಅಂದೆ. ಹಸಿವಿಲ್ಲ ಅಂದು ಅಂಗಡಿಯ ಕಡೆ ನಡೆದ. ಅವತ್ತಿನಿಂದ ಅಂಗಡಿಯಲ್ಲೇ ಮಲಗತೊಡಗಿದ.

ಎಂಟು ದಿನದಲ್ಲಿ ಯಾರದೋ ಕೈಯಲ್ಲಿ ಅವನ ಕ್ಯಾಸೆಟ್ಟುಗಳೆಲ್ಲ ಪೆಟ್ಟಿಗೆ ಸಮೇತ ಅಂಗಡಿಗೆ ವಾಪಸ್ ಬಂದವು. ಜೋಳಿಗೆಯವನು ಮತ್ತೆ ನಮ್ಮ ಸೀಮೆಯಲ್ಲಿ ಕಾಣಿಸಿಕೊಳ್ಳಲಿಲ್ಲ. ಸಿದ್ದರಾಜು ಮತ್ತೆ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಎಚ್.ಡಿ. ಕೋಟೆ ಬಸ್ಸು ಹತ್ತಿದ ಅಂತ ಯಜಮಾನರು ಬಂದು ಹೇಳಿದಾಗ ಮಾರಮ್ಮನಿಗೆ ತುಪ್ಪದ ದೀಪ ಹಚ್ಚಿದೆ. ನನ್ನ ಜೊತೆ ಮಾತಿಲ್ಲದಿದ್ದರೂ ಅವನ ಬದುಕು ಅವನಿಗೆ ಸಿಕ್ಕಿತಲ್ಲ, ಅದೊಂದು ದಯೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದಾಗ ತಲೆತಗ್ಗಿಸಿದ ಆ ಜೋಳಿಗೆಯವನ ಮುಖ ನೆನಪಾದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಪಶ್ಚಾತ್ತಾಪ ಪಡು ಅಂತ ದೇವರು ಹೇಳಿದರೆ ನನ್ನ ಸುಳ್ಳಿಗೆ ಪಡುತ್ತೇನೆ, ಅದಕ್ಕೆ ಪಡುವುದಿಲ್ಲ.

ಆರು ತಿಂಗಳಾದ ಮೇಲೆ ಗೌರಿ ಹಬ್ಬ ಬಂತು. ತವರಿನ ಬಾಗಿನ ಬರುತ್ತದೋ ಇಲ್ಲವೋ ಅಂತ ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡುತ್ತಿದ್ದೆ. ನನಗೆ ತವರು ಅಂದರೆ ಅವನೊಬ್ಬನೇ. ಹತ್ತು ಗಂಟೆಯ ಹೊತ್ತಿಗೆ ಬಂದ. ಮೊರದ ಬಾಗಿನ ಕೊಟ್ಟು ಜಗಲಿಯ ಮೇಲೆ ಕೂತ. ನಾನು ಬಾಗಿನವನ್ನು ಸೆರಗಿನಲ್ಲಿ ಹಿಡಿದು ಹೊಸಿಲ ಒಳಗೆ ನಿಂತೆ.

“ಅಕ್ಕ, ಆ ಕ್ಯಾಸೆಟ್ಟನ್ನ ನೂರು ಸಲ ಕೇಳಿದೀನಿ,” ಅಂದ. “ಮೊದಲು ಸದ್ದೆಲ್ಲ ಮಂಕಾಗಿದೆ. ಮುಚ್ಚಳ ತೆಗೆದ ಮೇಲೆ ತಿಳಿಯಾಗ್ತದೆ. ನಿಮ್ಮಿಬ್ಬರ ಮಾತೂ ಮೇಲಿಂದ ಕೇಳ್ತದೆ. ಮುಚ್ಚಳ ಹಾಕಿದ್ಮೇಲೆ ಮತ್ತೆ ಮಂಕು. ಅದನ್ನ ಹಿಡಿದಿರೋದು ಪೆಟ್ಟಿಗೆ ಒಳಗಿಂದ ಕಣಕ್ಕ. ನನ್ನ ರೆಕಾರ್ಡರ್ ಆವತ್ತು ಸರಗೂರಲ್ಲಿ ನನ್ನ ಹೆಗಲಲ್ಲಿತ್ತು. ಪೆಟ್ಟಿಗೇಲಿ ಏನಿಟ್ಟಿದ್ದೆ ನೀನು?”

ಪೆಟ್ಟಿಗೆಯಲ್ಲಿ ಅವನ ಕ್ಯಾಸೆಟ್ಟು ಬಿಟ್ಟರೆ ಇನ್ನೇನೂ ಇರಲಿಲ್ಲ. ಅದನ್ನೇ ಹೇಳಿದೆ. ಬಾಗಿನದ ಮೇಲೆ ಕೈಯಿಟ್ಟು ಗೌರಮ್ಮನಾಣೆ ಅಂದೆ. ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ನಿಂತ ಸದ್ದಿನ ಮುಖ ನೋಡುತ್ತಾನಲ್ಲ, ಹಾಗೆ. ಏನು ಕಂಡನೋ. “ಆಯ್ತು ಬುಡು,” ಅಂದ. ನಂಬಿ ಅಂದನೋ, ನಂಬದೆ ಅಂದನೋ, ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಆ ಕ್ಯಾಸೆಟ್ಟಿಗೆ ಮಾತು ಎಲ್ಲಿಂದ ಬಂತು ಅನ್ನೋದೂ ಗೊತ್ತಾಗಿಲ್ಲ. ಮಾರಮ್ಮನ ಕೆಲಸವಾದರೆ ಅವಳು ಅರ್ಧಕ್ಕೇ ನಿಲ್ಲಿಸಬಹುದಿತ್ತು.

ಅವನು ಎದ್ದು ಹೋಗಲಿಲ್ಲ, ಒಳಗೂ ಬರಲಿಲ್ಲ. ಚಪ್ಪಲಿ ಮಾತ್ರ ಬಿಟ್ಟಿದ್ದ. ಉಂಡು ಹೋಗು ಅನ್ನೋಕೆ ಬಾಯಿ ಬರಲಿಲ್ಲ. ಒಬ್ಬಟ್ಟಿಗೆ ಬೇಯಿಸಿ ಬಸಿದಿಟ್ಟಿದ್ದ ಬೇಳೆ ಆರಿಹೋಗುತ್ತಿತ್ತು. ಬಾಗಿನವನ್ನು ದೇವರ ಮುಂದಿಟ್ಟು, ಬೆಲ್ಲ ಕುಟ್ಟಿಕೊಂಡು, ಹೂರಣ ರುಬ್ಬಲು ಕೂತೆ.